ಮಗುವಿನ ಗಂಜಿಗೆ ಚಿಯಾ ಯಾಕೆ, ಮನೆಯಲ್ಲಿ ಎಳ್ಳಿಲ್ಲವೇ?

ಕಳೆದ ತಿಂಗಳು ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ಹೆರಿಗೆಗೆ ಬಂದವಳು ಇನ್ನೂ ತಾಯಿ ಮನೆಯಲ್ಲೇ ಇದ್ದಾಳೆ. ಮಗುವಿಗೆ ಏಳು ತಿಂಗಳು. ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದಾಗ ಕೊರಿಯರ್‌ನವನು ಬಂದು ಒಂದು ಕಟ್ಟು ಕೊಟ್ಟು ಹೋದ. ಬಿಚ್ಚಿ ನೋಡಿದರೆ ಮಕ್ಕಳಿಗೆಂದೇ ಮಾಡಿದ ಬೀಜದ ಪುಡಿ. ಚಿಯಾ, ಅಗಸೆ, ಸೂರ್ಯಕಾಂತಿ, ಕಲ್ಲಂಗಡಿ, ಚೀನಿಕಾಯಿ ಎಂದು ಐದು ಬೀಜಗಳ ಚಿತ್ರ ಇರುವ ಚಂದದ ಡಬ್ಬ. 200 ಗ್ರಾಂಗೆ 650 ರೂಪಾಯಿ. ಅದೇ ಹೊತ್ತಿಗೆ ಹಿತ್ತಲಲ್ಲಿ ತಂಗಿ ಮಧ್ಯಾಹ್ನದ ಸಾರಿಗೆ ಚೀನಿಕಾಯಿ ಕತ್ತರಿಸುತ್ತಿದ್ದಳು. ಒಳಗಿನ ಬೀಜವನ್ನೆಲ್ಲ ಬಾಚಿ ಕೋಳಿಗಳಿಗೆ ಎಸೆಯುತ್ತಿದ್ದಳು.

ಡಬ್ಬ ನೋಡಿದ್ದೇ ತಂಗಿಗೆ ಸಿಟ್ಟು ಬಂತು. “ಹಲ್ಲೇ ಬಾರದ ಮಗುವಿಗೆ ಬೀಜ ಎಂತಕ್ಕೆ? ನಿಮ್ಮನ್ನೆಲ್ಲ ನಾವು ಚಾದಲ್ಲಿ ಬಿಸ್ಕತ್ತು ಅದ್ದಿ ಕೊಟ್ಟು ಸಾಕಿದ್ದಲ್ವಾ?” ಮಗಳು ಬಿಡಲಿಲ್ಲ. “ರೀಲ್‌ನಲ್ಲಿ ಡಾಕ್ಟರೇ ಹೇಳಿದ್ದಾರೆ, ಉಮ್ಮ. ಮೂತಮ್ಮಾ, ನೀವೇ ಹೇಳಿ.” ಇಬ್ಬರೂ ನನ್ನ ಮುಖ ನೋಡಿದರು. 26 ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ತೂಗಿದವಳು ನಾನು. ಹಾಗಾಗಿ ಮನೆಯ ಇಂಥ ಜಗಳಗಳೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತವೆ.

ಆ ದಿನ ಅಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಆರು ತಿಂಗಳು ತುಂಬಿದ ಮಗುವಿನ ಊಟಕ್ಕೆ ಬೀಜ ಬೇಕು. ಆದರೆ ಅದು ಕೊರಿಯರ್‌ನಲ್ಲಿ ಬರಬೇಕಾಗಿಲ್ಲ, ಇಡಿಯಾಗಿ ಹೋಗಬಾರದು, ಮತ್ತು ಊಟದ ಜಾಗದಲ್ಲಿ ಕೂರಬಾರದು. ಈ ಲೆಕ್ಕದಲ್ಲಿ ತಾಯಿಯೂ ಅರ್ಧ ಸರಿ, ಮಗಳೂ ಅರ್ಧ ಸರಿ.

ಬಿಳಿಚಿದ ಮುಖಗಳು

ಇದೇನು ಇಷ್ಟು ದೊಡ್ಡ ವಿಷಯವಾ ಎಂದು ಕೆಲವರಿಗೆ ಅನಿಸಬಹುದು. ಹೌದು, ದೊಡ್ಡದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಮೂರರಲ್ಲಿ ಎರಡು ಮಕ್ಕಳ ಕತೆ ಹೆಚ್ಚುಕಡಿಮೆ ಇದೇ. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಗೆಯ ಆಹಾರ ಸಾಕಷ್ಟು ಸಲ ಸಿಗುವುದು ನೂರರಲ್ಲಿ ಬರೀ 11 ಮಕ್ಕಳಿಗೆ. ಇದು ಬಡವರ ಮನೆಯ ಕತೆ ಮಾತ್ರ ಎಂದುಕೊಳ್ಳಬೇಡಿ. ಟೈಲ್ಸ್ ಹಾಕಿದ, ಎರಡು ಫ್ರಿಜ್ ಇರುವ, ಗಂಡ ಗಲ್ಫಿನಲ್ಲಿರುವ ಮನೆಗಳಲ್ಲೂ ನಾನು ಬಿಳಿಚಿಕೊಂಡ ಮಕ್ಕಳನ್ನು ನೋಡಿದ್ದೇನೆ.

ಅಂಥದ್ದೊಂದು ಮಗು ಈಗಲೂ ಕಣ್ಣ ಮುಂದೆ ಇದೆ. ಹತ್ತು ತಿಂಗಳು. ಗುಂಡುಗುಂಡಾಗಿ ನೋಡಲು ಚಂದವೇ ಇತ್ತು. ಆದರೆ ಆಟ ಇಲ್ಲ, ಸದಾ ಕಿರಿಕಿರಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿ. ರಕ್ತ ಪರೀಕ್ಷೆ ಮಾಡಿಸಿದಾಗ ಹನ್ನೊಂದರ ಆಸುಪಾಸಿನಲ್ಲಿ ಇರಬೇಕಾದ ಹಿಮೋಗ್ಲೋಬಿನ್ ಏಳೂವರೆ. ಏನು ಕೊಡ್ತೀರಿ ಎಂದು ಕೇಳಿದರೆ, ದಿನಕ್ಕೆ ನಾಲ್ಕು ಬಾಟ್ಲಿ ಹಾಲು, ಚಾದಲ್ಲಿ ಅದ್ದಿದ ಬಿಸ್ಕತ್ತು, ಮಧ್ಯಾಹ್ನ ಗಂಜಿ ತೆಳಿ. ಆ ಮನೆಯವರು ಮಗುವನ್ನು ಹಸಿವಲ್ಲಿ ಇಟ್ಟಿರಲಿಲ್ಲ. ಹೊಟ್ಟೆ ತುಂಬಿಸುತ್ತಿದ್ದರು, ಕಬ್ಬಿಣ ಮಾತ್ರ ಕೊಡುತ್ತಿರಲಿಲ್ಲ.

ವಿಷಯ ಇರುವುದು ಇಲ್ಲಿ. ಮೊದಲ ಆರು ತಿಂಗಳು ತಾಯಿ ಹಾಲು ಬಿಟ್ಟು ಬೇರೆ ಏನೂ ಬೇಡ, ನೀರೂ ಬೇಡ. ಆ ಸಮಯಕ್ಕೆ ಬೇಕಾದ ಕಬ್ಬಿಣವನ್ನು ಮಗು ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಕೂಡಿಟ್ಟುಕೊಂಡು ಬಂದಿರುತ್ತದೆ. ಆರು ತಿಂಗಳಾಗುವಾಗ ಆ ಬುತ್ತಿ ಖಾಲಿಯಾಗುತ್ತಾ ಬರುತ್ತದೆ. ತಾಯಿ ಹಾಲಿನಲ್ಲಿ ಕಬ್ಬಿಣ ಇರುವುದು ಅತಿ ಕಡಿಮೆ. ದನದ ಹಾಲಿನಲ್ಲೂ ಅಷ್ಟೆ. ಮಗುವಿನ ಮೆದುಳು ಓಡಿ ಓಡಿ ಬೆಳೆಯುವುದು ಇದೇ ಸಮಯದಲ್ಲಿ. ಆಗ ಬಿದ್ದ ಕೊರತೆಯನ್ನು ಮುಂದೆ ಶಾಲೆಗೆ ಹೋಗುವಾಗ ಟಾನಿಕ್ ಕೊಟ್ಟು ಪೂರ್ತಿ ತುಂಬಿಸುವುದು ಕಷ್ಟ. ಎರಡು ವರ್ಷದವರೆಗೆ ಮೊಲೆಹಾಲು ಕೊಡುವ ವಿಷಯ ನಮ್ಮವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ, ಕುರ್‌ಆನಿನಲ್ಲೇ ಇದೆ. ಆದರೆ ಆರು ತಿಂಗಳ ನಂತರ ಹಾಲಿನ ಜೊತೆಗೆ ಏನು ಕೊಡಬೇಕು ಎಂಬಲ್ಲಿ ನಾವು ಎಡವುತ್ತಿದ್ದೇವೆ.

ಬೀಜ ಏನು ಕೊಡುತ್ತದೆ?

ಗಿಡವೊಂದು ತನ್ನ ಮರಿಗಾಗಿ ಕಟ್ಟಿಕೊಟ್ಟ ಬುತ್ತಿಯೇ ಬೀಜ. ಅದರಲ್ಲಿ ಎಣ್ಣೆ, ಪ್ರೊಟೀನು, ಕಬ್ಬಿಣ, ಸತು, ಸುಣ್ಣದಂಶ ಎಲ್ಲ ಸಣ್ಣ ಜಾಗದಲ್ಲಿ ಒತ್ತಿಕೊಂಡಿರುತ್ತವೆ. ಮಗುವಿನ ಹೊಟ್ಟೆಯೂ ಸಣ್ಣದು. ಆರೇಳು ತಿಂಗಳ ಮಗು ಒಂದು ಸಲಕ್ಕೆ ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ ಮೆಲ್ಲಗೆ ಅರ್ಧ ಲೋಟಕ್ಕೆ ಬರುತ್ತದೆ. ಅಷ್ಟು ಸಣ್ಣ ಜಾಗವನ್ನು ಗಂಜಿ ತೆಳಿಯಿಂದ ತುಂಬಿಸಿದರೆ ಮಗುವಿಗೆ ನೀರು ಸಿಕ್ಕಿತೇ ಹೊರತು ಊಟ ಸಿಗಲಿಲ್ಲ. ಅದೇ ಗಂಜಿ ಚಮಚ ಓರೆ ಮಾಡಿದರೂ ಜಾರದಷ್ಟು ದಪ್ಪ ಇದ್ದು, ಅದಕ್ಕೆ ಸ್ವಲ್ಪ ಎಳ್ಳಿನ ಪುಡಿ ಬಿದ್ದರೆ ಅದೇ ತುತ್ತಿಗೆ ಬಲ ಬರುತ್ತದೆ.

ಎಳ್ಳಿನಲ್ಲಿ ಸುಮಾರು ಅರ್ಧ ಭಾಗ ಎಣ್ಣೆ, ಐದನೇ ಒಂದು ಭಾಗದಷ್ಟು ಪ್ರೊಟೀನು. ಸಿಪ್ಪೆ ಇರುವ 100 ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ. ಈ ಲೆಕ್ಕವನ್ನೇ ಹಿಡಿದು “ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು” ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವುದುಂಟು. ಆದರೆ ಮಗುವಿಗೆ 100 ಗ್ರಾಂ ಎಳ್ಳು ಯಾರು ಕೊಡ್ತಾರೆ? ಒಂದು ಸಣ್ಣ ಚಮಚ ಪುಡಿ ಎಂದರೆ ಮೂರು ಗ್ರಾಂ. ಅದರಲ್ಲಿ ಮೂವತ್ತು ನಲ್ವತ್ತು ಮಿಲಿಗ್ರಾಂ ಸಿಕ್ಕೀತು, ಅಷ್ಟೂ ಮೈಗೆ ಹಿಡಿಯುವುದಿಲ್ಲ. ಕಬ್ಬಿಣವೂ ಅದೇ ರೀತಿ, ಚೂರು ಚೂರು. ಬೀಜ ಪವಾಡ ಮಾಡುವುದಿಲ್ಲ. ದಿನಾ ತಪ್ಪದೆ ಬಿದ್ದರೆ ಹನಿ ಹನಿ ಕೂಡುತ್ತದೆ, ಅಷ್ಟೆ. ಅಷ್ಟು ಸಾಕು ಕೂಡ.

ನಮ್ಮ ಮನೆಗಳಲ್ಲಿ ಆಗಲೇ ಏನಿದೆ ನೋಡಿ. ಎಳ್ಳು ಇದೆ. ನೆಲಗಡಲೆ ಇದೆ. ಚೀನಿಕಾಯಿಯ ಬೀಜ ಇದೆ, ಸತು, ಮೆಗ್ನೀಷಿಯಂ, ಪ್ರೊಟೀನು ತುಂಬಿದ್ದು, ಇವತ್ತಿನವರೆಗೂ ಕೋಳಿಗಳೇ ತಿಂದದ್ದು. ಹೆಸರು ಕಾಳಿದೆ. ರಾಗಿಯಂತೂ ಇದ್ದೇ ಇದೆ. ನಮ್ಮ ಅಜ್ಜಿಯಂದಿರು ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಮಣ್ಣಿ ಮಾಡಿ ಕೊಡುತ್ತಿದ್ದರು. ರಾಗಿಯಲ್ಲಿರುವ ಸುಣ್ಣದಂಶ ಅಕ್ಕಿಯಲ್ಲಿ ಎಲ್ಲಿ ಬಂತು? ಮಣ್ಣಿ ಬಿಟ್ಟು ಬಿಸ್ಕತ್ತು ಹಿಡಿದದ್ದು ನಮ್ಮ ತಲೆಮಾರು. ಹಾಗಾಗಿ “ನಾವು ಹೀಗೇ ಸಾಕಿದ್ದು” ಎಂದು ತಂಗಿ ಹೇಳುವಾಗ ನಾನು ಹೇಳಿದ್ದು, “ನೀನು ಹಾಗೆ ಸಾಕಿದ್ದು ಸರಿ. ನಮ್ಮ ಉಮ್ಮ ನಮ್ಮನ್ನು ಹಾಗೆ ಸಾಕಿರಲಿಲ್ಲ.”

ಚಾದ ಬಗ್ಗೆ ಒಂದು ಮಾತು. ಚಾದ ಒಗರು ಊಟದಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಮಗುವಿನ ಬಿಸ್ಕತ್ತಿಗೆ ಚಾ ಎಂದರೆ ಇಲ್ಲದ ಕಬ್ಬಿಣವನ್ನೂ ಕಸಿದುಕೊಂಡ ಹಾಗೆ.

ಚಿಯಾದ ಮೇಲೆ ಸಿಟ್ಟಿಲ್ಲ

ಚಿಯಾ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೆಕ್ಸಿಕೊ ಕಡೆಯ ಬೀಜ ಅದು. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ನಮ್ಮ ರೈತರಿಗೆ ಪರಿಚಯಿಸಿದ ಮೇಲೆ ಮೈಸೂರು ಸೀಮೆಯಲ್ಲೂ ಬೆಳೆಯುತ್ತಾರೆ. ಆದರೆ ಅದು ನೀರು ಕುಡಿದು ಹತ್ತು ಪಟ್ಟು ಊದುವ ಬೀಜ. ಒಣಗಿದ್ದನ್ನು ಮಗುವಿನ ಬಾಯಿಗೆ ಹಾಕಲೇಬಾರದು. ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜಕ್ಕೂ ಇದೇ ಮಾತು, ಅದು ಸಣ್ಣ ಮಕ್ಕಳಿಗೆ ಬೇಡ.

ಚಿಯಾ, ಅಗಸೆ ಕೊಡುವುದು ಒಮೆಗಾ-3 ಕೊಬ್ಬಿಗಾಗಿ ಎನ್ನುತ್ತಾರೆ. ಸರಿ. ಆದರೆ ಬೀಜದಲ್ಲಿರುವ ಒಮೆಗಾ-3 ಮೆದುಳಿಗೆ ಬೇಕಾದ ರೂಪಕ್ಕೆ ಬದಲಾಗುವುದು ಬಹಳ ಕಡಿಮೆ. ಆ ರೂಪದಲ್ಲೇ ಸಿದ್ಧವಾಗಿ ಸಿಗುವುದು ಎಣ್ಣೆ ಮೀನಿನಲ್ಲಿ. ಬಂದರಿನಲ್ಲಿ ಬೂತಾಯಿ ಸಿಗುವ ಊರಿನವರು ನಾವು. ಮಸಾಲೆ ಇಲ್ಲದೆ ಬೇಯಿಸಿದ ಬೂತಾಯಿಯ ಒಂದು ತುಂಡನ್ನು ಬೆರಳಲ್ಲಿ ನುರಿದು, ಒಂದು ಮುಳ್ಳೂ ಉಳಿಯದಂತೆ ನೋಡಿ ಅನ್ನದಲ್ಲಿ ಕಲಸಿ ಕೊಟ್ಟರೆ ಆ 650 ರೂಪಾಯಿ ಡಬ್ಬ ಕೊಡದ್ದನ್ನು ಅದು ಕೊಡುತ್ತದೆ. ಕೋಳಿಯ ಲಿವರ್ ವಾರಕ್ಕೊಮ್ಮೆ ಒಂದು ಸಣ್ಣ ತುಂಡು, ಚೆನ್ನಾಗಿ ಬೇಯಿಸಿ ಮೆತ್ತಗೆ ಮಾಡಿದ್ದು, ಬೀಜದ್ದಕ್ಕಿಂತ ಚೆನ್ನಾಗಿ ಮೈಗೆ ಹಿಡಿಯುವ ಕಬ್ಬಿಣ ಕೊಡುತ್ತದೆ. ಮೊಟ್ಟೆಯೂ ಇದೆ. ಮೀನು-ಮಾಂಸ ತಿನ್ನುವ ಮನೆಯಲ್ಲಿ ಹುಟ್ಟಿದ ಮಗುವಿಗೆ ರಕ್ತ ಕಡಿಮೆ ಎಂದರೆ, ಮನೆಯವರ ತಟ್ಟೆಗೆ ಬಂದದ್ದು ಮಗುವಿನ ಬಟ್ಟಲಿಗೆ ಬರಲಿಲ್ಲ ಎಂದರ್ಥ.

ಇಡೀ ಬೀಜ ಬೇಡವೇ ಬೇಡ

ಇನ್ನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರ ಮದುವೆ ಮನೆಯಲ್ಲಿ ಒಂದೂಕಾಲು ವರ್ಷದ ಮಗುವಿಗೆ ದೊಡ್ಡ ಮಕ್ಕಳು ಆಟಕ್ಕೆ ಹುರಿದ ನೆಲಗಡಲೆ ಕೊಟ್ಟರು. ಮಗು ನಕ್ಕಿತು, ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಎಲ್ಲರೂ ನುಂಗಿತು ಎಂದುಕೊಂಡರು. ಮರುದಿನದಿಂದ ಜ್ವರ, ಕುರುಕುರು ಉಸಿರು. ಶೀತ ಎಂದು ನಾಲ್ಕು ದಿನ ಮದ್ದು ಕೊಟ್ಟರು. ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಮಂಪರು ಕೊಟ್ಟು, ಶ್ವಾಸನಾಳಕ್ಕೆ ನಳಿಗೆ ಇಳಿಸಿ, ಅರ್ಧ ಕಡಲೆ ಹೊರ ತೆಗೆದರು. ಮಗು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಎಲ್ಲ ಮಕ್ಕಳಿಗೂ ಆ ಭಾಗ್ಯ ಇರುವುದಿಲ್ಲ.

ಹಾಗಾಗಿ ನಾಲ್ಕೈದು ವರ್ಷದವರೆಗೆ ಇಡೀ ಕಡಲೆ, ಗೇರುಬೀಜ, ಬಾದಾಮಿ, ಚೀನಿಕಾಯಿ ಬೀಜ ಮಕ್ಕಳ ಕೈಗೆ ಬೇಡ. ಬೀಜ ಎಂದರೆ ನುಣ್ಣಗೆ ಪುಡಿ, ಅಥವಾ ಬೆಣ್ಣೆಯ ಹಾಗೆ ಅರೆದದ್ದನ್ನು ಗಂಜಿಯಲ್ಲಿ ತೆಳುವಾಗಿ ಕದಡಿದ್ದು. ದಪ್ಪ ಮುದ್ದೆಯಾಗಿ ಚಮಚದಲ್ಲಿ ಕೊಡಬಾರದು, ಅದೂ ಗಂಟಲಿಗೆ ಅಂಟುತ್ತದೆ. ಒಣ ಪುಡಿಯನ್ನು ಬಾಯಿಗೆ ಉದುರಿಸಲೂಬಾರದು. ಮಗು ಕೂತುಕೊಂಡು, ದೊಡ್ಡವರೊಬ್ಬರು ಎದುರಿಗಿದ್ದು ತಿನ್ನಬೇಕು. ಓಡಾಡಿಸಿ, ಮಲಗಿಸಿ, ಮೊಬೈಲ್ ತೋರಿಸಿ ಅಲ್ಲ.

ಒಂದು ವೇಳೆ ಸಿಕ್ಕಿಕೊಂಡು ಮಗು ಅಳಲೂ ಕೆಮ್ಮಲೂ ಆಗದಿದ್ದರೆ ಬಾಯಿಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋದೀತು. ಒಂದು ವರ್ಷದೊಳಗಿನ ಮಗುವಾದರೆ ತಲೆ ತಗ್ಗಿ ಬರುವಂತೆ ಮುಂಗೈ ಮೇಲೆ ಕವುಚಿ ಮಲಗಿಸಿ, ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಜೊತೆಯಲ್ಲೇ ಯಾರಾದರೂ ಗಾಡಿ ಹೊರಡಿಸಲಿ. ಕೆಮ್ಮು ನಿಂತರೂ ಉಸಿರಿನ ಸದ್ದು ಬದಲಾಗಿದ್ದರೆ, ಕಡಲೆ ತಿಂದ ವಿಷಯವನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ನಮ್ಮ ಮನೆಯ ಕ್ರಮ

ತಂಗಿಯ ಮಗಳಿಗೆ ನಾನು ಹೇಳಿಕೊಟ್ಟದ್ದು ಹೀಗೆ. ಮೊದಲು ಮಗು ರಾಗಿ, ಅನ್ನ, ಹೆಸರುಬೇಳೆ, ತರಕಾರಿಗೆ ಒಗ್ಗಲಿ. ಆಮೇಲೆ ಒಂದೊಂದೇ ಬೀಜ. ಐದು ಬೀಜ ಒಟ್ಟಿಗೆ ಇರುವ ಡಬ್ಬದ ದೊಡ್ಡ ತೊಂದರೆ ಇದೇ. ಮೈಯಲ್ಲಿ ದದ್ದು ಎದ್ದರೆ ಯಾವುದರಿಂದ ಎಂದು ಹೇಗೆ ಗೊತ್ತಾಗುವುದು? ಎಳ್ಳು, ನೆಲಗಡಲೆಗೆ ಕೆಲವು ಮಕ್ಕಳಲ್ಲಿ ಅಲರ್ಜಿ ಇರುತ್ತದೆ. ಆದ್ದರಿಂದ ಹಗಲು ಹೊತ್ತು, ಕಾಲು ಚಮಚದಷ್ಟು, ಮೂರು ದಿನ ಒಂದೇ ಬೀಜ. ತುಟಿ ಊದುವುದು, ದದ್ದು, ವಾಂತಿ, ಉಸಿರಾಟದಲ್ಲಿ ವ್ಯತ್ಯಾಸ ಕಂಡರೆ ತಕ್ಷಣ ಆಸ್ಪತ್ರೆಗೆ. ತಡವಾಗಿ ಕೊಟ್ಟರೆ ಅಲರ್ಜಿ ಬರುವುದಿಲ್ಲ ಎಂಬ ಹಳೆಯ ಲೆಕ್ಕವನ್ನು ಡಾಕ್ಟರುಗಳು ಈಗ ಬಿಟ್ಟಿದ್ದಾರೆ. ಆದರೆ ಮಗುವಿಗೆ ಜೋರು ಎಕ್ಸಿಮಾ ಇದ್ದರೆ, ಮೊದಲೇ ಯಾವುದಾದರೂ ಆಹಾರ ಆಗಿಬಾರದೆ ಹೋಗಿದ್ದರೆ, ಶುರು ಮಾಡುವ ಮೊದಲು ಕೇಳಿಕೊಳ್ಳಿ.

ಎಳ್ಳನ್ನು ತೊಳೆದು, ಒಣಗಿಸಿ, ಚಟಪಟ ಅನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಚೀನಿಕಾಯಿ ಬೀಜವನ್ನು ತಿರುಳು ತೆಗೆದು ತೊಳೆದು, ಎರಡು ಮೂರು ಬಿಸಿಲು ಕಾಯಿಸಿ, ಸಿಪ್ಪೆ ಬಿಡಿಸಿ ಹುರಿಯಿರಿ. ಬೇರೆ ಬೇರೆ ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದು ವಾರಕ್ಕೆ ಬೇಕಾದಷ್ಟೇ ಮಾಡಿ, ಒಣಗಿದ ಗಾಜಿನ ಬಾಟ್ಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಣ್ಣೆ ಬೀಜದ ಪುಡಿ ಬೇಗ ಕನರುತ್ತದೆ. ಬೂಸ್ಟು ಹಿಡಿದ ನೆಲಗಡಲೆಯಲ್ಲಿ ಲಿವರಿಗೆ ಕೇಡು ಮಾಡುವ ವಿಷ ಹುಟ್ಟುತ್ತದೆ, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಕಹಿ ವಾಸನೆ ಬಂದರೆ ಹಣದ ಮುಖ ನೋಡದೆ ಎಸೆಯಿರಿ. ಗಲ್ಫಿನಿಂದ ಬಂದ ತಹಿನಿ ಬಾಟ್ಲಿ ಮನೆಯಲ್ಲಿದ್ದರೆ ಅದೂ ಅರೆದ ಎಳ್ಳೇ. ಉಪ್ಪು, ಸಕ್ಕರೆ ಸೇರದ್ದಾದರೆ ಅರ್ಧ ಚಮಚ ಗಂಜಿಯಲ್ಲಿ ಕದಡಬಹುದು.

ಏಳೆಂಟು ತಿಂಗಳಲ್ಲಿ ದಿನಕ್ಕೆ ಅರ್ಧ ಸಣ್ಣ ಚಮಚ, ಒಂಬತ್ತು ದಾಟಿದ ಮೇಲೆ ಒಂದು ಚಮಚ. ಅದಕ್ಕಿಂತ ಹೆಚ್ಚು ಹಾಕಿದರೆ ಹೊಟ್ಟೆ ಕೆಡುತ್ತದೆ, ಊಟವೂ ಕಡಿಮೆಯಾಗುತ್ತದೆ. ಕೊಡುವಾಗ ನಾಲ್ಕು ಹನಿ ಲಿಂಬೆ ಹಿಂಡಿ, ಅಥವಾ ಊಟದ ಜೊತೆ ಹಣ್ಣಾದ ಪಪ್ಪಾಯಿ ನುರಿದು ಕೊಡಿ. ಸಿ ವಿಟಮಿನ್ ಇದ್ದರೆ ಬೀಜದ, ರಾಗಿಯ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ.

ಸಿಹಿಗೆ ಏನು ಎಂದು ಕೇಳುತ್ತೀರಿ. ಒಂದು ವರ್ಷದೊಳಗೆ ಜೇನು ಕೊಡಲೇಬಾರದು. ಜೇನು ನಮಗೆ ಪ್ರೀತಿಯದು, ಶಿಫಾ ಎಂದೇ ನಂಬಿದವರು ನಾವು. ದೊಡ್ಡವರಿಗೆ ಸರಿ. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆ ಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಮಾಡಬಲ್ಲದು. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಸಿಹಿ ಬೇಕೇ ಬೇಕು ಎಂದರೆ ಖರ್ಜೂರ ನೆನೆಸಿ, ಅರೆದು, ಸೋಸಿ ಸ್ವಲ್ಪ ಹಾಕಿ. ಒಂದು ವರ್ಷದವರೆಗೆ ಉಪ್ಪು, ಎರಡು ವರ್ಷದವರೆಗೆ ಸಕ್ಕರೆ ಬೇಡ. ಅಜ್ಜಿಯರ ಮಣ್ಣಿಯಲ್ಲೂ ಬೆಲ್ಲವನ್ನು ಬಿಟ್ಟುಬಿಡೋಣ.

ವಿಮಾನ ಹತ್ತುವ ಪುಡಿ

ನಮ್ಮಲ್ಲಿ ಮಗುವಿಗೆ ಎಂಟು ಹತ್ತು ತಿಂಗಳಾಗುವಾಗ ತಾಯಿ-ಮಗು ದುಬೈ, ದಮ್ಮಾಮ್ ಎಂದು ಹೊರಡುತ್ತಾರೆ. ಪೆಟ್ಟಿಗೆಯಲ್ಲಿ ಉಮ್ಮ ಮಾಡಿಕೊಟ್ಟ ಪುಡಿಗಳೂ ಹೋಗುತ್ತವೆ. ಅದರಲ್ಲಿ ಗಸಗಸೆ ಇರಲೇಬಾರದು. ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಕೆಲವರು ಗಸಗಸೆ ಅರೆದು ಹಾಲಿನಲ್ಲಿ ಕೊಡುವುದನ್ನು ನೋಡಿದ್ದೇನೆ. ಅದು ಅಫೀಮಿನ ಗಿಡದ ಬೀಜ. ಮಗುವಿಗೆ ಅದು ಬರಿಸುವ ನಿದ್ದೆ ಒಳ್ಳೆಯ ನಿದ್ದೆ ಅಲ್ಲ. ಮೇಲಾಗಿ ಯುಎಇ, ಸೌದಿಯಂಥ ದೇಶಗಳಲ್ಲಿ ಗಸಗಸೆಯನ್ನು ಮಾದಕ ವಸ್ತುವಿನ ಲೆಕ್ಕದಲ್ಲೇ ನೋಡುತ್ತಾರೆ, ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಜೈಲು. “ಮಸಾಲೆ ಅಂತ ಹಾಕಿದ್ದು” ಎಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಮಗುವಿನ ಪುಡಿಯಲ್ಲೂ ಬೇಡ, ಪೆಟ್ಟಿಗೆಯಲ್ಲೂ ಬೇಡ.

ತಾಯಿಯ ತಟ್ಟೆ

ಕೊನೆಗೆ, ಬೀಜ ಮದ್ದಲ್ಲ. ಮಗು ಬಿಳಿಚಿಕೊಂಡಿದ್ದರೆ ಎಳ್ಳು ಹಾಕಿ ನೋಡೋಣ ಎಂದು ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸರಕಾರದಿಂದ ಉಚಿತವಾಗಿ ಕಬ್ಬಿಣದ ಸಿರಪ್ ಇದೆ, ವಾರಕ್ಕೆ ಎರಡು ಸಲ ಒಂದು ಎಂಎಲ್. ಆಶಾ ಕಾರ್ಯಕರ್ತೆ ಮನೆಗೆ ತಂದು ಕೊಟ್ಟದ್ದು ನಮ್ಮ ಎಷ್ಟೋ ಮನೆಗಳಲ್ಲಿ ಫ್ರಿಜ್ ಮೇಲೆ ಧೂಳು ಹಿಡಿದು ಕೂತಿರುತ್ತದೆ. “ಕಕ್ಕ ಕಪ್ಪಾಗ್ತದೆ” ಎಂದು ನಿಲ್ಲಿಸುತ್ತಾರೆ. ಕಪ್ಪಾಗುವುದು ಸಹಜ, ಹೆದರಬೇಡಿ. ಅಂಗನವಾಡಿಯ ಪುಷ್ಟಿ ಪುಡಿಯನ್ನೂ “ಅದು ನಮಗಲ್ಲ” ಎಂದು ವಾಪಸ್ ಕಳಿಸಬೇಡಿ. ಅದರ ಮೇಲೆ ನಿಮ್ಮ ಮಗುವಿಗೂ ಹಕ್ಕಿದೆ.

ಇನ್ನೊಂದು ವಿಷಯ ಗಂಡಸರೂ ಓದಲಿ ಎಂದು ಬರೆಯುತ್ತೇನೆ. ಮಗು ಹೊಟ್ಟೆಯಲ್ಲಿದ್ದಾಗಲೇ ಕಬ್ಬಿಣದ ಬುತ್ತಿ ಕಟ್ಟಿಕೊಳ್ಳುತ್ತದೆ ಎಂದೆನಲ್ಲ. ತಾಯಿಯಲ್ಲೇ ಇಲ್ಲದಿದ್ದರೆ ಕಟ್ಟಿಕೊಡುವುದು ಎಲ್ಲಿಂದ? ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಎಲ್ಲರೂ ಉಂಡ ಮೇಲೆ ಉಳಿದ ಸಾರಲ್ಲಿ ಉಣ್ಣುವ ಸೊಸೆಯ ಮಗುವಿಗೆ ಡಬ್ಬದ ಬೀಜ ತರಿಸುವುದು ಎಂದರೆ ಬುಡಕ್ಕೆ ನೀರು ಹಾಕದೆ ಎಲೆಗೆ ಚಿಮುಕಿಸಿದ ಹಾಗೆ. ಮೀನಿನ ದೊಡ್ಡ ತುಂಡು ಬಾಣಂತಿಯ ತಟ್ಟೆಗೂ ಬೀಳಲಿ, ಬಸುರಿಯ ತಟ್ಟೆಗೂ ಬೀಳಲಿ, ಹದಿನೈದರ ಮಗಳ ತಟ್ಟೆಗೂ ಬೀಳಲಿ.

ತಂಗಿಯ ಮನೆಯ ಜಗಳ ಹೇಗೆ ಮುಗಿಯಿತು ಎಂದು ಹೇಳಿಬಿಡುತ್ತೇನೆ. ಡಬ್ಬದ ಪುಡಿ ಈಗ ತಾಯಿಯ ಗಂಜಿಗೆ ಬೀಳುತ್ತಿದೆ, ದುಡ್ಡು ಕೊಟ್ಟದ್ದು ಹಾಳಾಗಬಾರದಲ್ಲ. ಮಗುವಿನ ರಾಗಿಗೆ ಮನೆಯದೇ ಎಳ್ಳು. ಬಿಸ್ಕತ್ತು ನಿಂತಿದೆ. ಮೊನ್ನೆ ಫೋನ್ ಮಾಡಿದಾಗ ತಂಗಿ ಬೇರೆಯೇ ದೂರು ಹೇಳಿದಳು: “ಚೀನಿಕಾಯಿ ಬೀಜ ಒಣಗಲಿಕ್ಕೆ ಹಾಕಿದ್ರೆ ಕೋಳಿಗಳು ಬಿಡುದಿಲ್ಲ. ಒಬ್ಬರು ಕಾಯ್ಲಿಕ್ಕೆ ಕೂರ್ಬೇಕು.” ಕೂರಲಿ ಬಿಡಿ. ಇಷ್ಟು ವರ್ಷ ಕೋಳಿ ತಿಂದದ್ದು ಸಾಕು.